ಅತ್ತೆಯ ದನಿ ಇದ್ದ ಫೋನು

ಬಿದ್ದ ಫೋನು ತಂದವರೆಲ್ಲ ಮೊದಲು ಹೇಳುವ ಮಾತು ಒಂದೇ: "ಅಷ್ಟೇನೂ ಜೋರಾಗಿ ಬೀಳಲಿಲ್ಲ." ಗಾಜು ಪುಡಿಯಾಗಿರುತ್ತದೆ, ಅಂಚು ಬಾಗಿರುತ್ತದೆ, ಆದರೂ ಬಿದ್ದದ್ದು ಮಾತ್ರ ಮೆತ್ತಗೆ. ಚೆನ್ನೈನ ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಂಥ ನನ್ನ ರಿಪೇರಿ ಅಂಗಡಿಯಲ್ಲಿ ಈ ಮಾತನ್ನು ತಮಿಳಿನಲ್ಲಿ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದೆ. ಆ ದಿನ ಬಂದ ಹೆಂಗಸು ಹಾಗೆ ಹೇಳಲಿಲ್ಲ. ಮೆತ್ತನೆಯ ಟವೆಲಿನಲ್ಲಿ ಸುತ್ತಿ ತಂದಿದ್ದ ಫೋನನ್ನು ಮೇಜಿನ ಮೇಲೆ ಬಿಚ್ಚಿಟ್ಟು, ತಮಿಳಿನಲ್ಲೇ, "ನಾನೇ ಬೀಳಿಸಿದ್ದು. ಪೂರ್ತಿ ನನ್ನದೇ ತಪ್ಪು" ಎಂದರು.

ಐವತ್ತರ ಆಸುಪಾಸಿನವರು. ಅವರ ಹಿಂದೆ ಒಬ್ಬರು ಅಜ್ಜಿ, ಎಂಬತ್ತು ದಾಟಿರಬಹುದು, ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು ಬಾಗಿಲಲ್ಲೇ ನಿಂತಿದ್ದರು. ನಾನು ಇದ್ದ ಒಂದೇ ಸ್ಟೂಲನ್ನು ಮುಂದಕ್ಕೆ ತಳ್ಳಿದೆ. ಹೆಂಗಸು ಹಿಂದಕ್ಕೆ ತಿರುಗಿ, "ಅತ್ತೇ, ನೀವು ಕೂತ್ಕೊಳ್ಳಿ, ಕೊಂಜ ಹೊತ್ತಾಗತ್ತೆ" ಎಂದರು.

"ನೀವು ಕನ್ನಡದವರಾ?" ಎಂದೆ ಕನ್ನಡದಲ್ಲಿ.

"ಆಮಾ. ನೀವೂನಾ? ಯಾವೂರಮ್ಮಾ?"

"ಕೊಳ್ಳೇಗಾಲ."

ಅಜ್ಜಿಯ ಮುಖ ಅರಳಿತು. ಸೊಸೆ ನಕ್ಕು, "ಅತ್ತೆ ನಂಜನಗೂಡಿನೋರು. ಮದುವೆಯಾಗಿ ಇಲ್ಲಿಗೆ ಬಂದೋರು. ನಾನು ಇಲ್ಲೇ ಹುಟ್ಟಿದ್ದು, ನಮ್ ತಾತನ ಕಾಲದಿಂದ ಮದ್ರಾಸೇ. ನನ್ ಕನ್ನಡ ಕೇಳಿದ್ರೆ ಊರಿನೋರು ಬಾಯ್ಮುಚ್ಕೊಂಡು ನಗ್ತಾರೆ" ಎಂದರು.

ನಾನು ಮಾತುಗಾರ್ತಿ. ಈ ಊರಲ್ಲಿ ನಮ್ಮ ಕಡೆಯವರು ಸಿಕ್ಕಿದರೆ ಕೈಯಲ್ಲಿರುವ ಸ್ಕ್ರೂಡ್ರೈವರ್ ಮರೆತುಬಿಡುತ್ತೇನೆ. "ಅಜ್ಜಿ, ನಂಜನಗೂಡಲ್ಲಿ ಎಲ್ಲಿ? ದೇವಸ್ಥಾನದ ಹತ್ತಿರಾನಾ?" ಎಂದು ಕೇಳಿದೆ. ಅಜ್ಜಿ ತಲೆಯಾಡಿಸಿದರು, ಕೈಯಲ್ಲಿ ಏನೋ ತೋರಿಸಿದರು, ಮಾತಾಡಲಿಲ್ಲ. ಆಗ ಸೆರಗಿನ ಒಳಗೆ, ಗಂಟಲ ಕೆಳಗೆ, ಬಿಳಿಯ ಬಟ್ಟೆಯ ಪಟ್ಟಿ ಕಂಡಿತು.

"ಆಪರೇಷನ್ ಆಗಿದೆಮ್ಮಾ" ಎಂದರು ಸೊಸೆ. "ಗಂಟಲಲ್ಲಿ ಗಡ್ಡೆ ಇತ್ತು. ದನಿಪೆಟ್ಟಿಗೇನೇ ತೆಗೆದ್ಬಿಟ್ರು. ಅತ್ತೆ ದನಿ ಈಗ ಇರೋದು ಈ ಫೋನಲ್ಲಿ ಮಾತ್ರ."

ಆಮೇಲೆ ಅವರು ಹೇಳಿದ್ದು ಇದು. ಆಪರೇಷನ್ನಿಗೆ ಮೊದಲೇ ಡಾಕ್ಟರು ದನಿ ಹೋಗುತ್ತದೆಂದು ತಿಳಿಸಿದ್ದರು. ಅಂದಿನಿಂದ ಆಸ್ಪತ್ರೆಗೆ ಸೇರುವ ತನಕ, ಮಧ್ಯಾಹ್ನ ಊಟವಾಗಿ ಅಡುಗೆಮನೆ ಒರೆಸಿದ ಮೇಲೆ, ಅಜ್ಜಿ ಅಲ್ಲೇ ನೆಲದ ಮೇಲೆ ಕೂತು ಸೊಸೆಯ ಫೋನಿಗೆ ಹಾಡು ಹೇಳಿದ್ದರು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ತೊಟ್ಟಿಲ ಹಾಡು. ಅವರ ಅತ್ತೆಯಿಂದ, ಅಜ್ಜಿಯಿಂದ ಕಿವಿಯಲ್ಲೇ ಕಲಿತದ್ದು. ಬರೆದಿಡೋಣವೆಂದರೆ ಅವರಿಗೆ ಬರೆಯಲು ಬರುವುದು ಕನ್ನಡ ಒಂದೇ, ಆ ಮನೆಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ. ಸೊಸೆ ತಮಿಳಲ್ಲಿ ಓದಿದವರು, ಮೊಮ್ಮಗಳು ಇಂಗ್ಲಿಷಿನಲ್ಲಿ. ದನಿ ಹೋದ ಮೇಲೆ ಅಜ್ಜಿ ಏನಾದರೂ ಬರೆದು ತೋರಿಸಿದರೆ, ಮನೆಯವರೆಲ್ಲ ಸುತ್ತ ನಿಂತು ಅದೇನಿರಬಹುದೆಂದು ಊಹಿಸುತ್ತಿದ್ದರಂತೆ.

ಈಗ ಆ ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು. ಹಸೆಗೆ ಕರೆಯುವ ಹಾಡನ್ನು ತಾನೇ ಹಾಡಬೇಕೆಂದು ಸೊಸೆ ಅಡುಗೆ ಮಾಡುತ್ತ, ಫೋನು ಪಕ್ಕದಲ್ಲಿಟ್ಟುಕೊಂಡು ಕಲಿಯುತ್ತಿದ್ದರು. ಆ ದಿನಗಳಲ್ಲೇ ಫೋನು ಬಿದ್ದದ್ದು.

"ಬೇರೆ ಕಡೆ ಕಾಪಿ ಇಲ್ವಾ?" ಎಂದು ಕೇಳಿದೆ. ಉತ್ತರ ಗೊತ್ತಿದ್ದೇ ಕೇಳುವ ಪ್ರಶ್ನೆ ಇದು.

"ಫೋಟೋ ಎಲ್ಲಾ ತಾನಾಗೇ ಮೇಲೆ ಹೋಗಿದೆಯಂತೆ. ಹಾಡೂ ಹೋಗಿರತ್ತೆ ಅಂತ ಅನ್ಕೊಂಡಿದ್ದೆ. ಹೋಗಲೇ ಇಲ್ಲ ಅಂದ್ಳು ಮಗಳು." ಅವರು ಖಾಲಿ ಟವೆಲನ್ನು ಮಡಿಚಿದರು. "ಅತ್ತೆ ನನ್ ಹತ್ರ ಮುಖ ಕೊಟ್ಟು ನೋಡ್ತಾನೇ ಇಲ್ಲಮ್ಮಾ. ಸರಿಯಾಗಿ ಊಟಾನೂ ಮಾಡಲ್ಲ."

ಕೊನೆಯದನ್ನು ಅವರು ತಮಿಳಿನಲ್ಲಿ, ತಗ್ಗಿದ ದನಿಯಲ್ಲಿ ಹೇಳಿದರು. ಅಜ್ಜಿಗೆ ಕೇಳಿಸದಿರಲಿ ಎಂದಿರಬೇಕು. ಐವತ್ತು ಅರವತ್ತು ವರ್ಷ ಮದ್ರಾಸಿನಲ್ಲಿ ಬಾಳಿದವರಿಗೆ ಅಷ್ಟು ತಮಿಳು ತಿಳಿಯದೆ ಇರುತ್ತದೆಯೇ. ಅಜ್ಜಿ ನೆಲ ನೋಡುತ್ತ ಕೂತಿದ್ದರು.

"ನೀರು ಗೀರು ಬಿತ್ತಾ?" ಎಂದು ವಾಡಿಕೆಯಂತೆ ಕೇಳಿದೆ.

"ಇಲ್ಲವೇ ಇಲ್ಲ. ಮೆಟ್ಟಿಲ ಮೇಲೆ ಬಿತ್ತು, ಅಷ್ಟೇ."

ಮಾರನೆಯ ದಿನ ಹೇಳುತ್ತೇನೆಂದು ಫೋನು ಇಟ್ಟುಕೊಂಡೆ. ರಿಪೇರಿ ಆಗೇ ಆಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅವರಿಗಂತೂ ಹೇಳಲು ನಾಲಿಗೆ ಹೊರಳಲಿಲ್ಲ.

ಅವರು ಹೋದ ಮೇಲೆ ಕೆಲಸಕ್ಕೆ ಕೂತೆ. ಫ್ಯಾನನ್ನು ಗೋಡೆಯ ಕಡೆ ತಿರುಗಿಸಿದೆ, ಇಲ್ಲದಿದ್ದರೆ ಸಾಸಿವೆಗಿಂತ ಸಣ್ಣ ಬಿಡಿಭಾಗಗಳು ಹಾರಿಹೋಗುತ್ತವೆ. ಚೆನ್ನೈನ ಸೆಕೆಯಲ್ಲಿ ಈ ಕೆಲಸದವರ ಪಾಡೇ ಇದು, ಫ್ಯಾನು ಓಡುತ್ತದೆ, ಗಾಳಿ ಗೋಡೆಗೆ. ಮೇಲಿನ ಒಂದು ಮೂಲೆಯಲ್ಲಿ, ಕಿವಿಗೆ ಹಿಡಿಯುವ ಸ್ಪೀಕರಿನ ಪಕ್ಕ, ಗಾಜು ಒಡೆದು ಕೊಂಚ ಎದ್ದಿತ್ತು. ಹಿಂಬದಿಯ ಮುಚ್ಚಳವನ್ನು ಬಿಸಿ ಮಾಡಿ ಬಿಡಿಸಿದೆ. ಒಳಗೆ, ಸಿಮ್ ಹಾಕುವ ಕಡೆ ಒಂದು ಪುಟ್ಟ ಬಿಳಿ ಸ್ಟಿಕರ್ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಅದು ಬೆಳ್ಳಗೇ ಇತ್ತು. ಗ್ರಾಹಕರು ಸುಳ್ಳು ಹೇಳಬಹುದು, ಸ್ಟಿಕರ್ ಹೇಳುವುದಿಲ್ಲ ಎಂದು ನಂಬಿದವಳು ನಾನು. ನೀರಿನ ಯೋಚನೆಯನ್ನು ಅಲ್ಲಿಗೇ ಬಿಟ್ಟೆ.

ಬ್ಯಾಟರಿ ಚೆನ್ನಾಗಿತ್ತು. ಬೇರೆ ಡಿಸ್ಪ್ಲೇ ಜೋಡಿಸಿದೆ, ಕತ್ತಲೆ. ಚಾರ್ಜಿಂಗ್ ಭಾಗ ಬದಲಿಸಿದೆ, ಅದೇ ಕತ್ತಲೆ. ಬೋರ್ಡನ್ನು ಹೊರತೆಗೆದು, ಬ್ಯಾಟರಿಯ ಬದಲು ಮೇಜಿನ ಮೇಲಿನ ಪವರ್ ಸಪ್ಲೈನಿಂದ ಕರೆಂಟು ಕೊಟ್ಟೆ. ಫೋನು ಜೀವಂತವಿದ್ದರೆ, ಸ್ವಿಚ್ಚು ಒತ್ತಿದ ಕೂಡಲೇ ಮೀಟರಿನ ಮುಳ್ಳು ಏರುತ್ತ, ಇಳಿಯುತ್ತ, ಮತ್ತೆ ಏರುತ್ತದೆ. ಒಳಗೆ ಒಂದೊಂದೇ ಭಾಗ ಎಚ್ಚರವಾಗುವುದನ್ನು ಮುಳ್ಳಿನ ಕುಣಿತದಲ್ಲೇ ಓದಬಹುದು. ಇಲ್ಲಿ ಮುಳ್ಳು ಸ್ವಲ್ಪ ಎದ್ದಿತು, ಅಲ್ಲೇ ನಿಂತಿತು, ಬಿದ್ದುಹೋಯಿತು. ಮತ್ತೆ ಒತ್ತಿದೆ. ಎದ್ದಿತು, ನಿಂತಿತು, ಬಿತ್ತು.

ಬಿದ್ದ ಫೋನಿನಲ್ಲಿ ಈ ರೀತಿ ಕಂಡರೆ ನಮ್ಮ ಕಸುಬಿನವರು ಮೊದಲು ಅನುಮಾನಿಸುವುದು ಪ್ರೊಸೆಸರನ್ನು. ಅದರ ಹೊಟ್ಟೆಯ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆಯ ಗುಂಡುಗಳಿರುತ್ತವೆ. ಬಿದ್ದ ಪೆಟ್ಟಿಗೆ ಅವುಗಳಲ್ಲಿ ಒಂದೆರಡು ಬಿರುಕು ಬಿಟ್ಟರೆ ಫೋನು ಏಳುವುದಿಲ್ಲ. ಬೋರ್ಡಿನಲ್ಲಿ ಕರೆಂಟು ಹರಿಯುವ ಸಾಲುಗಳನ್ನು ಮೀಟರಿನಲ್ಲಿ ಒಂದೊಂದಾಗಿ ಅಳೆಯುತ್ತ ಹೋದೆ. ಪವರ್ ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ಒಂದು ಸಾಲಿನಲ್ಲಿ ಕರೆಂಟಿಗೆ ತಡೆ ಕಡಮೆ ಇತ್ತು. ಆ ಸಾಲುಗಳಲ್ಲಿ ಅದು ಕಡಮೆಯೇ ಇರುವುದು ವಾಡಿಕೆ. ಹೋಗಲಿ ಬಿಡು ಎಂದು ಮುಂದಕ್ಕೆ ಹೋದೆ.

ಪ್ರೊಸೆಸರಿನ ಬೆಸುಗೆ ಬಿಟ್ಟಿದ್ದರೆ ಮಾಡುವ ಚಿಕಿತ್ಸೆ ಒಂದೇ, ಬಿಸಿ. ಬೋರ್ಡನ್ನು ಕೆಳಗಿನಿಂದ ಕಾಯಿಸಿ, ಮೇಲಿನಿಂದ ಬಿಸಿಗಾಳಿ ಹಿಡಿದು, ಚಿಪ್ಪನ್ನೇ ಎತ್ತಿ, ಹಳೆಯ ಬೆಸುಗೆ ಒರೆಸಿ, ಹೊಸ ಗುಂಡುಗಳನ್ನು ಕೂರಿಸಿ ಮತ್ತೆ ಇಡಬೇಕು. ನಾನು ಅದನ್ನು ಮಾಡಬಲ್ಲೆ. ಎಷ್ಟೋ ಸಲ ಮಾಡಿ ಗೆದ್ದಿದ್ದೇನೆ, ಕೆಲವು ಸಲ ಚಿಪ್ಪು ಸುಟ್ಟು ಸೋತಿದ್ದೇನೆ. ಸೋತಾಗ ಸಾಮಾನ್ಯವಾಗಿ ಹೋಗುವುದು ಫೋನು. ಇಲ್ಲಿ ಹೋಗುವುದು ಫೋನಲ್ಲ. ಈಗಿನ ಫೋನುಗಳಲ್ಲಿ ಮೆಮೊರಿಗೆ ಬೀಗ ಹಾಕಿರುತ್ತದೆ, ಅದರ ಬೀಗದ ಕೈ ಇರುವುದು ಅದೇ ಪ್ರೊಸೆಸರಿನ ಹೊಟ್ಟೆಯಲ್ಲಿ. ಮೆಮೊರಿಯನ್ನು ಕಿತ್ತು ಬೇರೆ ಫೋನಿಗೆ ಹಾಕಿದರೆ ಹಾಡು ಬರುವುದಿಲ್ಲ. ಪ್ರೊಸೆಸರ್ ಸುಟ್ಟರೆ ಅಜ್ಜಿಯ ದನಿಯನ್ನು ಇನ್ನು ಯಾವ ಊರಿನ ಯಾವ ನಿಪುಣನೂ ತೆಗೆದುಕೊಡಲಾರ.

ಸಂಜೆ ಅಂಗಡಿ ಮುಚ್ಚುವಾಗ ನನಗೆ ಹಸಿವೇ ಇರಲಿಲ್ಲ. ನನ್ನ ಅಮ್ಮ ಫೋನಿನಲ್ಲಿ "ಊಟ ಆಯ್ತಾ" ಎಂದು ಕೇಳುವ ದನಿ ಕಿವಿಯಲ್ಲಿ ಸುತ್ತುತ್ತಿತ್ತು. ನಾನು ದಿನಾ ಅದನ್ನು ಅರ್ಧ ಕಿವಿಯಲ್ಲಿ ಕೇಳಿ ಇಟ್ಟುಬಿಡುತ್ತಿದ್ದೆ.

ಪ್ರೊಸೆಸರ್ ಮುಟ್ಟುವ ಮೊದಲು ಫೋನಿನವರನ್ನು ಎದುರಿಗೆ ಕೂರಿಸಿಕೊಳ್ಳುವುದು ನನ್ನ ರೂಢಿ. ಬೇರೆ ಅಂಗಡಿಯವರು ಇದನ್ನು ಕಂಡು ನಗುತ್ತಾರೆ, ಎದುರಿಗೆ ಕೂತವರು ತಲೆ ತಿನ್ನುತ್ತಾರೆ, ಕೈ ನಡುಗುತ್ತದೆ ಎನ್ನುತ್ತಾರೆ. ಇರಬಹುದು. ಆದರೆ ಅವರ ವಸ್ತುವಿನ ಪ್ರಾಣ ಹೋಗುವುದಾದರೆ ಅವರ ಕಣ್ಣೆದುರೇ ಹೋಗಲಿ, ನಾನು ಒಳಗೆ ಏನು ಮಾಡಿದೆನೋ ಎಂಬ ಸಂಶಯ ಅವರಲ್ಲಿ ಉಳಿಯಬಾರದು ಎಂಬುದು ನನ್ನ ಹಟ. ಮಾರನೆಯ ದಿನ ಬೆಳಗ್ಗೆ ಸೊಸೆಗೆ ಫೋನು ಮಾಡಿದೆ. ಅತ್ತೆ, ಸೊಸೆ ಇಬ್ಬರೂ ಬಂದರು. ಅಜ್ಜಿ ಸ್ಟೂಲಿನ ಮೇಲೆ, ಸೊಸೆ ಬಾಗಿಲಿಗೆ ಒರಗಿ ನಿಂತು.

ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಬಿಸಿ ಮಾಡಬೇಕು, ಉಳಿಯಲೂಬಹುದು, ಹೋಗಲೂಬಹುದು, ಹೋದರೆ ಮತ್ತೆ ಬರುವುದಿಲ್ಲ. ಮದುವೆ ಮುಗಿಯುವ ತನಕ ಮುಟ್ಟದೆ ಇಟ್ಟುಕೊಂಡು, ಆಮೇಲೆ ಬೇರೆ ಯಾರಿಗಾದರೂ ತೋರಿಸಿಯೂ ನೋಡಬಹುದು ಎಂದೂ ಹೇಳಿದೆ.

ಸೊಸೆ ಅತ್ತೆಯನ್ನು ನೋಡಿದರು. ಅಜ್ಜಿ ಅವರನ್ನು ನೋಡಲಿಲ್ಲ. "ನಿಮಗೆ ಸರಿ ಅನಿಸಿದ್ದು ಮಾಡಿ ತಂಗಿ" ಎಂದರು ಸೊಸೆ. "ಬೀಳಿಸೋವಾಗ ನನ್ ಕೈಗೆ ಬುದ್ಧಿ ಇರ್ಲಿಲ್ಲ. ಈಗ ನಿಮ್ ಕೈಯನ್ನೇ ನಂಬಿದೀನಿ."

ಬೋರ್ಡನ್ನು ಹೀಟರಿನ ಮೇಲಿಟ್ಟು ಸ್ವಿಚ್ಚು ಹಾಕಿದೆ. ಅದು ಕಾಯುವ ತನಕ ಸುಮ್ಮನೆ ಕೂರಲಾರದೆ, ಹೆಚ್ಚುಕಮ್ಮಿ ಬಾಯಿಗೆ ಕೆಲಸ ಕೊಡಲೆಂದೇ, "ಬಿದ್ದ ತಕ್ಷಣ ಆಫ್ ಆಯ್ತಾ ಅಕ್ಕಾ?" ಎಂದೆ.

"ಇಲ್ಲ. ಆಮೇಲೂ ಮಗಳ ಜೊತೆ ಅದ್ರಲ್ಲೇ ಮಾತಾಡಿದ್ನಲ್ಲ. ಮದುವೆ ಸೀರೆ ವಿಷಯ ಎಷ್ಟೋ ಹೊತ್ತು ಮಾತಾಡಿದ್ವಿ. ಚಾರ್ಜಿಗೆ ಹಾಕಿದ ಮೇಲೇನೇ ಹೋಗಿದ್ದು."

ನನ್ನ ಕೈ ಹೀಟರಿನ ಮೇಲೆಯೇ ನಿಂತಿತು. ಬಿದ್ದು ಬೆಸುಗೆ ಬಿಟ್ಟಿದ್ದರೆ ಬಿದ್ದಾಗಲೇ ಸಾಯಬೇಕು, ಇಲ್ಲವೇ ಮಾತಾಡುತ್ತ ಮಾತಾಡುತ್ತ ಕೆಡಬೇಕು. ಅಷ್ಟು ಹೊತ್ತು ಸರಿಯಾಗಿದ್ದು ಚಾರ್ಜರ್ ಚುಚ್ಚಿದ ಮೇಲೆ ಸತ್ತಿದೆ ಎಂದರೆ ಅದು ಬೇರೆಯದೇ ರೋಗವಿರಬಹುದು. ಇರಬಹುದು ಅಷ್ಟೇ, ಖಾತ್ರಿ ಏನಿಲ್ಲ. ಆದರೂ ಸ್ವಿಚ್ಚು ತೆಗೆದೆ. ಬೋರ್ಡನ್ನು ಹೀಟರಿನಿಂದ ಎತ್ತಿ ಮೇಜಿನ ಮೇಲಿಟ್ಟೆ.

"ಅಕ್ಕಾ, ಬಿದ್ದಾಗಿನಿಂದ ಆಫ್ ಆಗೋ ತನಕ ಏನೇನಾಯ್ತು, ಒಂದೂ ಬಿಡದೆ ಹೇಳಿ."

ಅವರು ನೆನಪಿಸಿಕೊಂಡು ಹೇಳಿದರು. ಪಕ್ಕದ ಬೀದಿಯಲ್ಲಿ ತಿಳಿದವರೊಬ್ಬರು ತೀರಿಕೊಂಡಿದ್ದರು. ಅಲ್ಲಿಗೆ ಹೋಗಿ ಮುಖ ತೋರಿಸಿ ಬಂದರು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಫೋನು ಜಾರಿ ಕಲ್ಲು ಮೆಟ್ಟಿಲ ಮೇಲೆ ಬಿತ್ತು. ಎತ್ತಿ ನೋಡಿದರೆ ಗಾಜಿನ ಮೂಲೆ ಹೋಗಿದೆ, ಆದರೆ ದೀಪ ಉರಿಯುತ್ತಿದೆ. ನೇರ ಸ್ನಾನಕ್ಕೆ ಹೋದರು.

"ಸ್ನಾನ ಮಾಡೋವಾಗ ಫೋನು ಎಲ್ಲಿತ್ತು?"

"ಹೊರಗೆ ಕಟ್ಟೆ ಮೇಲಿಟ್ಟೆ. ತೀಟ್ಟು ಅಲ್ವಾ, ಒಳಗೆ ಹೇಗೆ ತರೋದು?"

ನಾವು ಮೈಲಿಗೆ ಎನ್ನುವುದನ್ನು ಅವರು ತಮಿಳಿನವರಂತೆ ತೀಟ್ಟು ಎನ್ನುತ್ತಾರೆ. "ಮತ್ತೆ ಒಳಗೆ ಯಾವಾಗ ತಂದ್ರಿ?"

"ಸ್ನಾನ ಮುಗಿಸಿ ಬಂದಾಗ ಒಳಗೆ ಮೇಜಿನ ಮೇಲೇ ಇತ್ತು." ಹೇಳಿ ಅವರೇ ಒಂದು ಕ್ಷಣ ತಡೆದರು. "ನಾನೇ ತಂದಿದ್ನೇನೋ. ಗ್ಯಾಪ್ಕ ಇಲ್ಲ."

ಆಗ ಅಜ್ಜಿ ಅಂಗೈಯಿಂದ ನನ್ನ ಮೇಜನ್ನು ತಟ್ಟಿದರು.

ನಾವಿಬ್ಬರೂ ತಿರುಗಿದೆವು. ಅಜ್ಜಿ ಎಡಗೈಯನ್ನು ಬಟ್ಟಲಿನ ಹಾಗೆ ಹಿಡಿದರು. ಬಲಗೈಯ ಬೆರಳುಗಳನ್ನು ಒಟ್ಟುಗೂಡಿಸಿ ಅದರಲ್ಲಿ ಅದ್ದಿದ ಹಾಗೆ ಮಾಡಿ, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಫೋನಿನ ಕಡೆಗೆ ಚಿಮುಕಿಸಿದರು. ಮತ್ತೆ ಅದ್ದಿದರು, ಮತ್ತೆ ಚಿಮುಕಿಸಿದರು. ಆಮೇಲೆ ಎದೆಯ ಮೇಲೆ ಬೆರಳಿಟ್ಟು ತಾನೇ ಎಂದು ತೋರಿಸಿ, ತಲೆ ತಗ್ಗಿಸಿದರು.

ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಾವಿನ ಮನೆಯಿಂದ ಬಂದವರ ಸೈಕಲ್ಲಿಗೂ ನೀರು ಚಿಮುಕಿಸಿದ ತಾಯಿಯ ಮಗಳು ನಾನು. ಹಾಗೆ ಚಿಮುಕಿಸಿದ್ದನ್ನು ನಮ್ಮ ಮನೆಗಳಲ್ಲಿ ಯಾರೂ ನೀರು ಎಂದು ಲೆಕ್ಕಕ್ಕೆ ಇಡುವುದಿಲ್ಲ. ಅದು ಶುದ್ಧಿ. ನೀರು ಬಿತ್ತಾ ಎಂದು ಕೇಳಿದರೆ ಬಕೆಟ್ಟಿಗೆ ಬಿತ್ತಾ, ಮಳೆಯಲ್ಲಿ ನೆನೆಯಿತಾ ಎಂದೇ ಎಲ್ಲರೂ ತಿಳಿಯುತ್ತಾರೆ. ನನ್ನ ಪ್ರಶ್ನೆಗೆ ಸೊಸೆ ಕೊಟ್ಟ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಅವರಿಗೆ ಗೊತ್ತೂ ಇರಲಿಲ್ಲ.

"ಅರಿಶಿನದ ನೀರಾ ಅಜ್ಜಿ?" ಎಂದೆ. ಹೌದೆಂದು ತಲೆಯಾಡಿಸಿದರು.

ಸೊಸೆ ಬಾಗಿಲು ಬಿಟ್ಟು ಮುಂದಕ್ಕೆ ಬಂದರು. "ಅತ್ತೇ," ಎಂದರು. ಸ್ಟೂಲಿನ ಪಕ್ಕಕ್ಕೆ ಬಗ್ಗಿದರು. ಆಮೇಲೆ, "ನಾನು ಬೀಳಿಸಿ ಕೆಡಿಸಿದೆ ಅಂತ ನೀವು ಕೋಪ ಮಾಡ್ಕೊಂಡಿದ್ದೀರಿ ಅನ್ಕೊಂಡೆ. ಅದಕ್ಕೇ ಊಟ ಬಿಟ್ಟಿದ್ದೀರಿ ಅಂತ..."

ಅಜ್ಜಿ ಅಲ್ಲ ಅಲ್ಲ ಎಂದು ಕೈಯಾಡಿಸಿ, ತಮ್ಮ ಹಣೆಯನ್ನು ತಾವೇ ಮೆಲ್ಲಗೆ ಬಡಿದುಕೊಂಡರು. ಇನ್ನೊಮ್ಮೆ ಬಡಿದುಕೊಳ್ಳುವ ಮೊದಲು ಸೊಸೆ ಆ ಕೈಯನ್ನು ಹಿಡಿದುಕೊಂಡರು. ಹಿಡಿದ ಕೈ ಬಿಡದೆ ಅಲ್ಲೇ ನೆಲದ ಮೇಲೆ, ನನ್ನ ಹಳೆ ಡಬ್ಬಗಳ ಪಕ್ಕ, ಕೂತುಬಿಟ್ಟರು. ಇಬ್ಬರೂ ಅಷ್ಟು ದಿನ ಒಂದೇ ಮನೆಯಲ್ಲಿ, ತನ್ನಿಂದಲೇ ಹೋಯಿತೆಂದು ಬೇರೆಬೇರೆಯಾಗಿ ಕೊರಗುತ್ತ ತಿರುಗಾಡಿದ್ದರು. ನೋಡಿ ನನ್ನ ಕಣ್ಣು ತುಂಬಿತು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಅದನ್ನು ಮರೆಸಿಕೊಂಡೆ.

ಒಳಗೊಳಗೆ ನನಗೆ ಖುಷಿಯೂ ಆಗಿತ್ತು. ಆ ಹೊತ್ತಿನಲ್ಲಿ ಖುಷಿಪಡುವುದು ಸರಿಯಲ್ಲ, ಆದರೆ ರಿಪೇರಿಯವಳ ಮನಸ್ಸೇ ಹಾಗೆ. ಮುರಿದ ಬೆಸುಗೆಗಿಂತ ನೀರಿನ ಕಲೆ ಸಾವಿರ ಪಾಲು ವಾಸಿ. "ಅಜ್ಜಿ, ನೀವು ಈಗ ಹೇಳದೆ ಇದ್ದಿದ್ರೆ ನಾನು ಇದನ್ನ ಸುಟ್ಟುಬಿಡ್ತಿದ್ದೆ" ಎಂದೆ. ಅಜ್ಜಿ ಅರೆನಂಬಿಕೆಯಿಂದ ನನ್ನ ಮುಖ ನೋಡಿದರು, ಸಮಾಧಾನಕ್ಕೆ ಹೇಳುತ್ತಿದ್ದೇನೋ ಎಂದು.

ಪವರ್ ಚಿಪ್ಪಿನ ಮೇಲೆ ತಗಡಿನ ಮುಚ್ಚಳವೊಂದನ್ನು ಬೆಸೆದಿರುತ್ತಾರೆ. ಹಿಂದಿನ ದಿನ ಅದನ್ನು ತೆಗೆದಿರಲಿಲ್ಲ. ತೆಗೆಯಲು ಬಿಸಿ ಬೇಕು, ಪಕ್ಕದಲ್ಲೇ ಮೆಮೊರಿ ಇದೆ ಎಂದು ಹೆದರಿದ್ದೆ. ಈಗ ಬಿಸಿ ಇಲ್ಲದೆಯೇ, ಸಣ್ಣ ಕಟ್ಟರಿನಿಂದ ತಗಡನ್ನು ಅಂಚಿನುದ್ದಕ್ಕೂ ಕತ್ತರಿಸಿ ಡಬ್ಬಿಯ ಮುಚ್ಚಳ ತೆರೆದಂತೆ ಎತ್ತಿದೆ. ಕೆಲಸ ನಿಧಾನ. ಎಲೆಕ್ಟ್ರಿಕ್ ಟ್ರೈನು ಹೋದಾಗಲೆಲ್ಲ ಮೈಕ್ರೋಸ್ಕೋಪಿನಲ್ಲಿ ಕಾಣುವುದೆಲ್ಲ ನಡುಗುತ್ತದೆ, ಅದು ದಾಟುವ ತನಕ ಕೈ ಎತ್ತಿ ಕಾಯಬೇಕು. ಮುಚ್ಚಳದ ಕೆಳಗೆ ಕಂಡೂ ಕಾಣದಂಥ ಬಿಳಿಯ ಪುಡಿ, ಅದರ ಅಂಚಿನಲ್ಲಿ ಹಳದಿ. ಬೋರ್ಡಿಗೆ ಹಚ್ಚುವ ಬಣ್ಣವನ್ನು ಗಟ್ಟಿ ಮಾಡಲು ನನ್ನ ಬಳಿ ನೇರಳೆ ಬೆಳಕಿನ ಟಾರ್ಚ್ ಒಂದಿದೆ. ಅದನ್ನು ಹಿಡಿದೆ. ಅರಿಶಿನ ಆ ಬೆಳಕಿನಲ್ಲಿ ಹಸಿರು ಕಲೆತ ಹಳದಿಯಾಗಿ ಹೊಳೆಯುತ್ತದೆ. ಒಡೆದ ಗಾಜಿನ ಮೂಲೆಯಿಂದ ಸ್ಪೀಕರಿನ ಸಂದಿ ಹಿಡಿದು ಪವರ್ ಚಿಪ್ಪಿನ ತನಕ ನೀರು ಹರಿದ ದಾರಿಯೆಲ್ಲ ಹೊಳೆಯಿತು. ಸ್ಟಿಕರ್ ಇದ್ದದ್ದು ಇನ್ನೊಂದು ಕೊನೆಯಲ್ಲಿ. ಆ ಕಡೆಗೆ ಒಂದು ಹನಿಯೂ ಹೋಗಿರಲಿಲ್ಲ.

ಸೊಸೆಯನ್ನು ಕರೆದು ತೋರಿಸಿದೆ. ಅವರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, "ಅಯ್ಯೋ ದೇವರೇ, ಕೋಲ ಹಾಕಿದ ಹಾಗಿದೆ" ಎಂದರು. ರಂಗೋಲಿಗೆ ಅವರು ಕೋಲ ಎನ್ನುತ್ತಾರೆ. ಅಜ್ಜಿಯನ್ನೂ ಎಬ್ಬಿಸಿ ನೋಡಿಸಿದರು. ಅಜ್ಜಿ ತುಂಬ ಹೊತ್ತು ನೋಡಿದರು.

ಸ್ಪಿರಿಟ್ಟು ಅದ್ದಿದ ಬ್ರಷ್ಷಿನಿಂದ ಮೆಲ್ಲಗೆ ತೊಳೆದೆ, ಒಣಗಿಸಿದೆ, ಮತ್ತೆ ತೊಳೆದೆ. ಕರೆಂಟು ಕೊಟ್ಟು ಸ್ವಿಚ್ಚು ಒತ್ತಿದೆ. ಮುಳ್ಳು ಎದ್ದಿತು, ನಿಂತಿತು, ಬಿತ್ತು.

ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದರು. "ಇರಿ ಅಕ್ಕಾ, ಇನ್ನೂ ಇದೆ" ಎಂದೆ, ನನಗೂ ಸೇರಿಸಿ.

ಹಿಂದಿನ ದಿನ ಹೋಗಲಿ ಬಿಡು ಎಂದುಕೊಂಡ ಸಾಲು ನೆನಪಾಯಿತು. ಹೊಳೆದ ದಾರಿ ಅದರ ಮೇಲೇ ಹೋಗಿತ್ತು. ಅಲ್ಲೇ ಎಲ್ಲೋ ನೀರು ಮತ್ತು ಚಾರ್ಜರಿನ ಕರೆಂಟು ಸೇರಿ ಒಂದು ಸಣ್ಣ ಕೆಪಾಸಿಟರನ್ನು ಒಳಗಿಂದ ಕೆಡಿಸಿರಬೇಕು. ಕೆಟ್ಟದ್ದರ ಮೂಲಕ ಕರೆಂಟು ಸೋರುತ್ತಿದೆ, ಪವರ್ ಚಿಪ್ಪು ಹೆದರಿ ಎಲ್ಲವನ್ನೂ ಆರಿಸುತ್ತಿದೆ. ಆ ಸಾಲಿನಲ್ಲಿ ಅಂಥ ಕೆಪಾಸಿಟರುಗಳು ಒತ್ತೊತ್ತಾಗಿ ಕೂತಿರುತ್ತವೆ. ಕೆಟ್ಟದ್ದು ಯಾವುದೆಂದು ಹುಡುಕಲು ನಮ್ಮಲ್ಲಿ ಒಂದು ಹಳೆಯ ಉಪಾಯವಿದೆ. ಬೆಸುಗೆಗೆ ಬಳಸುವ ರಾಳವನ್ನು ಬೆಸುಗೆ ಕಡ್ಡಿಯ ಕಾದ ತುದಿಗೆ ಮುಟ್ಟಿಸಿ ಅದರ ಹೊಗೆಯನ್ನು ಬೋರ್ಡಿನ ಮೇಲೆ ಬಿಟ್ಟರೆ ಎಲ್ಲದರ ಮೇಲೂ ತೆಳ್ಳಗೆ ಬಿಳಿ ಕೂರುತ್ತದೆ. ಆಮೇಲೆ ಆ ಸಾಲಿಗೆ ಮಾತ್ರ, ಪ್ರೊಸೆಸರಿಗೆ ತೊಂದರೆಯಾಗದಷ್ಟು ಕಡಮೆ ವೋಲ್ಟೇಜಿನಲ್ಲಿ, ಕರೆಂಟು ಬಿಡಬೇಕು. ಸೋರುವ ಕೆಪಾಸಿಟರ್ ಬಿಸಿಯಾಗಿ ತನ್ನ ಮೇಲಿನ ಬಿಳಿಯನ್ನು ಕರಗಿಸಿಕೊಳ್ಳುತ್ತದೆ.

ಕರೆಂಟು ಬಿಟ್ಟೆ. ಏನೂ ಆಗಲಿಲ್ಲ. ಕೂದಲೆಳೆಯಷ್ಟು ಏರಿಸಿದೆ. ಅಜ್ಜಿ ಸ್ಟೂಲಿನಿಂದ ಬಗ್ಗಿ, ಈ ಸಲ ನಾನು ಮೈಕ್ರೋಸ್ಕೋಪಿಗೆ ಜೋಡಿಸಿದ್ದ ಲ್ಯಾಪ್‌ಟಾಪಿನ ಪರದೆಯನ್ನೇ ನೋಡುತ್ತಿದ್ದರು. ಬಿಳಿಯ ನಡುವೆ ಒಂದೇ ಒಂದು ಕಾಳು ಒದ್ದೆಯಾಗಿ ಮಿಂಚಿತು. ಅಜ್ಜಿ ನನಗಿಂತ ಮೊದಲು ಬೆರಳು ತೋರಿಸಿದರು.

ಸಣ್ಣ ತುದಿಯ ಬೆಸುಗೆ ಕಡ್ಡಿಯಿಂದ ಅದೊಂದನ್ನು ಎತ್ತಿ ಹಾಕಿದೆ. ಅಕ್ಕಪಕ್ಕದವು ಅದರ ಕೆಲಸ ನೋಡಿಕೊಳ್ಳುತ್ತವೆ, ಅದರ ಜಾಗ ಖಾಲಿ ಇದ್ದರೂ ನಡೆಯುತ್ತದೆ. ಸಾಲನ್ನು ಅಳೆದೆ, ತಡೆ ಸರಿಯಾಗಿತ್ತು. ಸ್ವಿಚ್ಚು ಒತ್ತಿದೆ. ಮುಳ್ಳು ಎದ್ದಿತು, ನಿಂತಿತು, ಇಳಿಯಿತು, ಮತ್ತೆ ಎದ್ದಿತು, ಕುಣಿಯತೊಡಗಿತು. ನಾನು ಯಾರಿಗೂ ಏನೂ ಹೇಳದೆ ಡಿಸ್ಪ್ಲೇ ಜೋಡಿಸಿದೆ. ಒಡೆದ ಗಾಜಿನ ಹಿಂದೆ ಬೆಳಕು ಬಂತು.

ಸೊಸೆ ಲಾಕ್ ನಂಬರನ್ನು ಎರಡು ಸಲ ತಪ್ಪು ಒತ್ತಿದರು. ತೆರೆದ ಮೇಲೆ ನಾನು ಮೊದಲು ಮಾಡಿದ್ದು ಕೇಬಲ್ಲು ಚುಚ್ಚಿ, ರೆಕಾರ್ಡಿಂಗುಗಳೆಲ್ಲವನ್ನೂ ನನ್ನ ಲ್ಯಾಪ್‌ಟಾಪಿಗೆ ಕಾಪಿ ಮಾಡಲು ಹಾಕಿದ್ದು. ಒಂದೂ ಹೋಗಿರಲಿಲ್ಲ. "ಕಾಪಿ ಆಗ್ತಾ ಇರ್ಲಿ. ಒಂದು ಕೇಳ್ಬಹುದಾ?" ಎಂದರು ಸೊಸೆ. ಹಸೆಗೆ ಕರೆಯುವ ಹಾಡನ್ನು ಹಾಕಿದರು.

ಅಂಗಡಿಯಲ್ಲಿ ಅಜ್ಜಿಯ ದನಿ ತುಂಬಿತು. ವಯಸ್ಸಾದ, ಸ್ವಲ್ಪ ಒರಟಾದ, ಯಾರ ಹಂಗೂ ಇಲ್ಲದ ದನಿ. ಹಿಂದೆ ಕುಕ್ಕರಿನ ಸದ್ದು. ಆಪರೇಷನ್ ಆದ ಮೇಲೆ ಅಜ್ಜಿ ಅದನ್ನು ಕೇಳಿಯೇ ಇರಲಿಲ್ಲವಂತೆ. ಸೊಸೆ ಹಾಕಿದರೆ ಎದ್ದು ಒಳಗೆ ಹೋಗುತ್ತಿದ್ದರಂತೆ. ಇಲ್ಲಿ ಎದ್ದು ಹೋಗಲು ಒಳಗು ಇರಲಿಲ್ಲ. ಕಣ್ಣು ಮುಚ್ಚಿ, ಪಾಠ ಒಪ್ಪಿಸುವ ಮಗುವನ್ನು ಕೇಳುವ ಮೇಷ್ಟರ ಹಾಗೆ ತಲೆ ಒಂದು ಕಡೆಗೆ ವಾಲಿಸಿ ಕೇಳಿದರು. ರೆಕಾರ್ಡಿಂಗಿನಲ್ಲಿ ಒಂದು ಕಡೆ ಕೆಮ್ಮು ಬಂತು. ಉಸಿರು ಎಳೆದುಕೊಂಡ ಸದ್ದು. ಆಮೇಲೆ ಹಾಡು ಮುಂದುವರಿಯಿತು.

ಅಜ್ಜಿ ಕಣ್ಣು ತೆರೆದು ಕೈಯೆತ್ತಿ ನಿಲ್ಲಿಸು ಎಂದರು.

"ಏನತ್ತೇ?"

ಅಜ್ಜಿ ಹಿಂದಕ್ಕೆ ಎಂದು ಕೈಯಾಡಿಸಿದರು. ಸೊಸೆ ಹಿಂದಕ್ಕೆ ಹಾಕಿದರು. ಕೆಮ್ಮು ಬಂದಲ್ಲಿ ಅಜ್ಜಿ ಮತ್ತೆ ನಿಲ್ಲಿಸಿ, ತಪ್ಪು ಎಂದು ತಲೆಯಾಡಿಸಿದರು. ಕೆಮ್ಮಿನ ನಡುವೆ ಹಾಡಿನ ಒಂದು ನುಡಿಯನ್ನೇ, ಇಡೀ ಚರಣವನ್ನೇ, ಬಿಟ್ಟುಬಿಟ್ಟಿದ್ದರು. ಸೊಸೆ ಎಷ್ಟೋ ದಿನದಿಂದ ಆ ತಪ್ಪನ್ನೇ ಕಲಿಯುತ್ತಿದ್ದರು.

ಅಜ್ಜಿ ಸೊಸೆಯ ಗಲ್ಲ ಹಿಡಿದು ತಮ್ಮ ಕಡೆಗೆ ತಿರುಗಿಸಿಕೊಂಡರು. ತುಟಿಯಾಡಿಸಿದರು. ದನಿಯಿಲ್ಲ, ತುಟಿ ಮಾತ್ರ. ಕೈಯನ್ನು ಗಾಳಿಯಲ್ಲಿ ಏರಿಸಿ, ಇಳಿಸಿ, ಕೊನೆಯಲ್ಲಿ ಒಂದು ಸುತ್ತು ತಿರುಗಿಸಿದರು. ಸೊಸೆ ಆ ತುಟಿಗಳನ್ನೇ ನೋಡುತ್ತ ಒಂದು ಪದ ಹೇಳಿದರು. ಅಜ್ಜಿ ಅಲ್ಲ ಎಂದರು. ಇನ್ನೊಂದು ಹೇಳಿದರು. ಅದೂ ಅಲ್ಲ. ಆಮೇಲೆ ಸೊ​ಸೆಗೆ ಏನೋ ಹೊಳೆಯಿತು. ಯಾವುದೋ ಹಳೆಯ ಮದುವೆಯಲ್ಲಿ, ಬಹುಶಃ ತಮ್ಮದೇ ಮದುವೆಯಲ್ಲಿ ಕೇಳಿದ್ದಿರಬೇಕು. ಹೆತ್ತ ತಾಯಿ ಬಂದು ಮದುಮಗಳ ಕೈಹಿಡಿದು ಹಸೆಗೆ ಕರೆಯುವ ನುಡಿ ಅದು. ಮೊದಲ ಸಾಲನ್ನು ಮೆಲ್ಲಗೆ ಹಾಡಿದರು. ಅಜ್ಜಿಯ ಅಂಗೈ ನನ್ನ ಮೇಜಿನ ಮೇಲೆ ತಾಳ ಹಾಕತೊಡಗಿತು.

ಸೊಸೆ ತಪ್ಪಿದರೆ ತಾಳ ನಿಲ್ಲುತ್ತಿತ್ತು. ಸರಿಯಾದರೆ ಮುಂದಕ್ಕೆ ಹೋಗುತ್ತಿತ್ತು. ಫೋನಿನಲ್ಲಿ ಎಲ್ಲೂ ಇರದ ಆ ನುಡಿಯನ್ನು ಅವರು ಮೊದಲಿನಿಂದ ಕೊನೆಯ ತನಕ ಹಾಡಿದರು. ಮುಗಿದಾಗ ಅಜ್ಜಿ, ಇನ್ನೊಂದು ಸಲ ಎಂದು ಬೆರಳೆತ್ತಿದರು. ಸೊಸೆ ಕಣ್ಣೊರೆಸಿಕೊಂಡು ಮತ್ತೆ ಶುರು ಮಾಡಿದರು.

ಲ್ಯಾಪ್‌ಟಾಪಿನಲ್ಲಿ ಕಾಪಿ ಮುಗಿದು ಬಹಳ ಹೊತ್ತಾಗಿತ್ತು. ನಾನು ಹೇಳಲಿಲ್ಲ.